ಜಾಲಹಳ್ಳಿ ಕ್ಯಾಂಪಿನೊಳಗೆ ನಮ್ಮ ಸಂಸಾರ

ಬೆಂಗಳೂರಿಗೆ ಪೋಸ್ಟಿಂಗ್ ಆಯ್ತು ಅಂದಾಗ ಊರಲ್ಲಿ ಎಲ್ಲರದೂ ಒಂದೇ ಮಾತು: 'ಇನ್ನೇನು, ಮನೆಗೇ ಬಂದ ಹಾಗಾಯ್ತಲ್ಲ!' ನಮ್ಮದು ಹಾಸನದ ಕಡೆ. ಮನೆಯವರು ಏರ್‌ಫೋರ್ಸ್‌ನಲ್ಲಿ ಸಾರ್ಜೆಂಟ್. ಅಲ್ಲಿಯವರೆಗೆ ನಾವು ಇದ್ದದ್ದೆಲ್ಲ ಉತ್ತರದ ಊರುಗಳಲ್ಲಿ. ಬೆಂಗಳೂರು ಹತ್ತಿರ, ಅದು ನಿಜ. ಆದರೆ ಜಾಲಹಳ್ಳಿಯ ಏರ್‌ಫೋರ್ಸ್ ಕ್ಯಾಂಪಿನ ಗೇಟು ದಾಟಿದರೆ ಅದು ಬೇರೆಯೇ ಊರು.

ಬಂದ ತಕ್ಷಣ ಕ್ವಾರ್ಟರ್ಸ್ ಸಿಗುವುದಿಲ್ಲ. ವೇಟಿಂಗ್ ಲಿಸ್ಟ್ ಇರುತ್ತದೆ. ಅಲ್ಲಿಯವರೆಗೆ ಎಂ.ಎಸ್. ಪಾಳ್ಯದಲ್ಲಿ ಬಾಡಿಗೆ ಮನೆ ಹಿಡಿದೆವು. ಹೊರಗಿದ್ದರೆ ಎಚ್‌ಆರ್‌ಎ, ಅಂದರೆ ಮನೆ ಬಾಡಿಗೆ ಭತ್ಯೆ, ಬರುತ್ತದೆ. ಬೆಂಗಳೂರಿನಂಥ ದೊಡ್ಡ ಊರಿಗೆ 2024ರಿಂದ ಅದು ಬೇಸಿಕ್ ಸಂಬಳದ ನೂರಕ್ಕೆ 30. ಕ್ವಾರ್ಟರ್ಸ್ ತಗೊಂಡರೆ ಅದು ನಿಲ್ಲುತ್ತದೆ. 'ಹೊರಗೇ ಇರಿ, ನಾಲ್ಕು ಕಾಸು ಉಳಿಯುತ್ತೆ' ಅನ್ನುವವರು ಇದ್ದೇ ಇದ್ದಾರೆ. ನಾನು ಪೇಪರ್ ಪೆನ್ನು ಹಿಡಿದು ಕೂತೆ. ಬಾಡಿಗೆ, ಅಡ್ವಾನ್ಸ್, ಬೇಸಿಗೆಯಲ್ಲಿ ಟ್ಯಾಂಕರ್ ನೀರು, ಸ್ಕೂಲ್ ವ್ಯಾನ್. ಎಲ್ಲ ಕೂಡಿಸಿದರೆ ಉಳಿಯುವುದು ಏನೂ ಇರಲಿಲ್ಲ. ಇವರಿಗೆ ನೈಟ್ ಡ್ಯೂಟಿ ಇದ್ದಾಗ ಮಗಳ ಜೊತೆ ಒಬ್ಬಳೇ ಇರಬೇಕಲ್ಲ, ಅದೂ ಲೆಕ್ಕಕ್ಕೆ ಬಂತು. ನಮ್ಮ ಸರದಿ ಬಂದಾಗ ಒಳಗೆ ಹೋದೆವು.

ಕ್ವಾರ್ಟರ್ಸ್ ಕೈಗೆ ಬರುವ ದಿನಕ್ಕೆ 'ಮಾರ್ಚಿಂಗ್ ಇನ್' ಅನ್ನುತ್ತಾರೆ. ಸೇನೆಯ ಕಟ್ಟಡಗಳನ್ನು ನೋಡಿಕೊಳ್ಳುವ ಎಂಇಎಸ್‌ನವರು ಬಂದು ಫ್ಯಾನು, ನಲ್ಲಿ, ಗಾಜು ಎಲ್ಲ ಲಿಸ್ಟಿನಲ್ಲಿ ತೋರಿಸಿ ಸಹಿ ತಗೊಳ್ಳುತ್ತಾರೆ. ಆ ದಿನ ಸಂಕೋಚ ಬೇಡವೇ ಬೇಡ. ಬಿರುಕು ಬಿಟ್ಟ ಗಾಜು, ಸೋರುವ ಸಿಂಕು, ಕೊಂಡಿ ಇಲ್ಲದ ಬಾಗಿಲು, ಪ್ರತಿಯೊಂದನ್ನೂ ನಾನು ಬರೆಸಿದೆ. ಬಿಟ್ಟು ಹೋಗುವಾಗ ಅದೇ ಲಿಸ್ಟು ಹಿಡಿದು ನೋಡುತ್ತಾರೆ. ಮುರಿದದ್ದಕ್ಕೆ, ಕಳೆದದ್ದಕ್ಕೆ ದುಡ್ಡು ಕಟ್ಟಬೇಕು.

ಸಾಮಾನಿನ ವಿಷಯದಲ್ಲಿ ನನ್ನದು ಒಂದೇ ನಿಯಮ. ಹೆಸರು, ನಂಬರ್ ಬರೆದ ಕಪ್ಪು ಟ್ರಂಕಿನಲ್ಲಿ ಹಿಡಿಸದ್ದನ್ನು ಕೊಳ್ಳಬೇಕಾದರೆ ಎರಡು ಸಲ ಯೋಚನೆ. ವೆಟ್ ಗ್ರೈಂಡರ್ ಒಂದಕ್ಕೆ ಮಾತ್ರ ರಿಯಾಯಿತಿ. ದೋಸೆ ಹಿಟ್ಟಿನ ಜೊತೆ ರಾಜಿ ಆಗಲ್ಲ.

ಇನ್ನು ನೆಂಟರು. ಸುಮ್ನೆ 'ಈ ಕಡೆ ಬಂದಿದ್ದೆ, ಹಾಗೇ ಬಂದೆ' ಅನ್ನುವುದು ಇಲ್ಲಿ ನಡೆಯಲ್ಲ. ಗಾರ್ಡ್‌ರೂಮಿನಲ್ಲಿ ಗುರುತಿನ ಚೀಟಿ ತೋರಿಸಿ, ಪಾಸ್ ಆಗಿ, ಆಮೇಲೆ ಒಳಗೆ. ನಮ್ಮ ಮಾವನವರಿಗೆ ಇದು ಬಹಳ ಬೇಜಾರು. 'ಮಗನ ಮನೆಗೆ ಹೋಗೋಕೂ ಚೀಟಿ ಬೇಕಾ?' ಅಂತ. ಈಗ ಯಾರೇ ಬರಲಿ, ಆಧಾರ್ ತನ್ನಿ ಅಂತ ಹಿಂದಿನ ದಿನವೇ ಫೋನ್ ಮಾಡುತ್ತೇನೆ. ದೊಡ್ಡ ಗುಂಪಾದರೆ ಗಂಗಮ್ಮ ಸರ್ಕಲ್ ಹತ್ತಿರದ ಹೋಟೆಲಲ್ಲೇ ಸೇರುತ್ತೇವೆ.

ಸೇನೆಯವರಿಗೆ ಕಡಿಮೆ ಬೆಲೆಗೆ ಸಾಮಾನು ಕೊಡುವ ಕ್ಯಾಂಟೀನಿನ ಬೇಡಿಕೆ ಬೇರೆ! ಮಿಕ್ಸಿ ಬೇಕು, ಸೋಪು ಬೇಕು, 'ಅದು' ಒಂದು ಬಾಟಲ್ ಬೇಕು. ಕಾರ್ಡಿಗೆ ಮಿತಿ ಇದೆ, ಹೊರಗಿನವರಿಗೆ ಕೊಡುವ ಹಾಗಿಲ್ಲ ಅಂದರೆ ನಂಬುವವರು ಕಡಿಮೆ. ನಂಬದಿದ್ದರೆ ಇರಲಿ. ಇದೊಂದು ವಿಷಯದಲ್ಲಿ ನಾನು ಯಾರ ಮುಲಾಜಿಗೂ ಬಿದ್ದಿಲ್ಲ.

ನನಗೆ ಜಾಸ್ತಿ ಕಷ್ಟ ಕೊಟ್ಟದ್ದು ಮಗಳ ಕನ್ನಡ. ಕೇಂದ್ರೀಯ ವಿದ್ಯಾಲಯ ನಮ್ಮಂಥವರಿಗೆ ದೊಡ್ಡ ಆಸರೆ. 1963ರಲ್ಲಿ ಅವು ಶುರುವಾದದ್ದೇ ಸೇನೆಯ ರೆಜಿಮೆಂಟ್ ಶಾಲೆಗಳನ್ನು ವಹಿಸಿಕೊಂಡು. ದೇಶದ ಯಾವ ಮೂಲೆಗೆ ಹೋದರೂ ಅದೇ ಪಾಠ, ವರ್ಗವಾದ ಮಕ್ಕಳಿಗೆ ಸೀಟಿನ ಚಿಂತೆ ಕಡಿಮೆ. ಆದರೆ ಮಗಳು ಕಲಿಯುವುದು ಹಿಂದಿ, ಇಂಗ್ಲಿಷು, ಸಂಸ್ಕೃತ. ಸಂಜೆ ಆಟದ ಮೈದಾನದಲ್ಲಿ ಬಿಹಾರದ, ಪಂಜಾಬಿನ, ಕೇರಳದ ಮಕ್ಕಳೆಲ್ಲ ಸೇರಿದರೆ ಹಿಂದಿಯೇ. ಕರ್ನಾಟಕದಲ್ಲೇ ಇದ್ದೂ ಅವಳು ಅಜ್ಜಿಯ ಹತ್ತಿರ ಫೋನಲ್ಲಿ 'ಹಾಂ ಜೀ' ಅನ್ನುತ್ತಿದ್ದಳು.

ಟ್ಯೂಷನ್ ಹಾಕಲಿಲ್ಲ. ಮನೆಯೊಳಗೆ ಕನ್ನಡ ಮಾತ್ರ ಅಂತ ಇವರಿಗೂ ಕಟ್ಟುನಿಟ್ಟು ಮಾಡಿದೆ. ಇವರಿಗೇ ಹಿಂದಿ ಬಾಯಿಗೆ ಬೇಗ ಬರುತ್ತದೆ, ಅದು ಬೇರೆ ಕತೆ. ರಾಜ್ಯದ ಒಂದನೇ ತರಗತಿ ಪಠ್ಯಪುಸ್ತಕ ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಅದನ್ನು ಪ್ರಿಂಟ್ ಹಾಕಿಸಿ, ರಾತ್ರಿ ಊಟದ ಮುಂಚೆ ಒಂದು ಪುಟ. ಆದರೆ ಪುಸ್ತಕಕ್ಕಿಂತ ಚೆನ್ನಾಗಿ ಕಲಿಸಿದ್ದು ಬೀದಿ. ತರಕಾರಿ ಒಳಗೂ ಸಿಗುತ್ತದೆ, ಆದರೂ ಬೇಕಂತಲೇ ಅವಳನ್ನು ಹೊರಗೆ ಕರೆದುಕೊಂಡು ಹೋಗುತ್ತಿದ್ದೆ. ಬಿಎಂಟಿಸಿ ಬಸ್ಸಿನ ಬೋರ್ಡು ಓದು, ಆಮೇಲೆ ಹತ್ತೋಣ. ಅಂಗಡಿ ಬೋರ್ಡಿನಲ್ಲಿ ನೂರಕ್ಕೆ 60 ಭಾಗ ಕನ್ನಡ ಇರಲೇಬೇಕು ಅಂತ 2024ರಲ್ಲಿ ಕಾಯ್ದೆ ಬಂತಲ್ಲ, ಅದರ ಲಾಭ ಪೂರ್ತಿ ತಗೊಂಡದ್ದು ನಾನೇ ಇರಬೇಕು. ಮೊಬೈಲ್ ಅಂಗಡಿಯಿಂದ ಹಿಡಿದು ಬೇಕರಿವರೆಗೆ ಎಲ್ಲ ನಮಗೆ ಪಾಠವೇ. ಒತ್ತಕ್ಷರ ಅವಳು ಕಲಿತದ್ದು ಹಾಗೆ. ರಜೆ ಬಂದರೆ ಹಾಸನಕ್ಕೆ ಕಳಿಸುತ್ತೇನೆ. ಉಳಿದದ್ದು ಅಜ್ಜಿ ನೋಡಿಕೊಳ್ಳುತ್ತಾರೆ.

ಅಕ್ಕಪಕ್ಕದವರ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಕುಟುಂಬ ಇರಲಾಗದ ಜಾಗಕ್ಕೆ ಗಂಡ ಹೋದ ಮನೆಗಳೂ ಇಲ್ಲಿವೆ. ಹೆಂಡತಿ, ಮಕ್ಕಳು ಮಾತ್ರ ಇರುತ್ತಾರೆ. ಒಮ್ಮೆ ನಮ್ಮ ಮನೆಯವರು ಹೊರಗಡೆ ಡ್ಯೂಟಿಗೆ ಹೋಗಿದ್ದಾಗ ಮಗಳಿಗೆ ರಾತ್ರಿ ಜ್ವರ ಏರಿತು. ಕೆಳಗಿನ ಮನೆಯ ಒಡಿಶಾದ ಅಕ್ಕ ತಮ್ಮ ಸ್ಕೂಟರಿನಲ್ಲಿ ಎಂಐ ರೂಮಿಗೆ, ಅಂದರೆ ಕ್ಯಾಂಪಿನ ಚಿಕಿತ್ಸಾಲಯಕ್ಕೆ, ಕರೆದುಕೊಂಡು ಹೋದರು. ನಾನು ಹೇಳಬೇಕಾಗಿಯೂ ಬರಲಿಲ್ಲ. ಇದರ ಇನ್ನೊಂದು ಮುಖವೂ ಇದೆ. ನಿಮ್ಮ ಮನೆಯಲ್ಲಿ ಜಗಳವಾದರೆ ಬೆಳಗ್ಗೆ ಹೊತ್ತಿಗೆ ಇಡೀ ಬ್ಲಾಕಿಗೆ ಗೊತ್ತು. ಗಂಡನ ರ‍್ಯಾಂಕನ್ನು ತಾವೂ ಹಾಕಿಕೊಂಡು ಓಡಾಡುವ ಹೆಂಗಸರೂ ಸಿಗುತ್ತಾರೆ. ಅಂಥವರಿಗೆ ನಮಸ್ಕಾರ ಹೇಳಿ ಮುಂದೆ ಹೋಗುವುದು ವಾಸಿ.

ಈಗ ಮತ್ತೆ ಪೋಸ್ಟಿಂಗ್ ಸುದ್ದಿ ಓಡಾಡುತ್ತಿದೆ. ಆರ್ಡರ್ ಬಂದರೆ ಮಗಳ ವಾರ್ಷಿಕ ಪರೀಕ್ಷೆ ಮುಗಿಯುವವರೆಗೆ ಕ್ವಾರ್ಟರ್ಸ್ ಇಟ್ಟುಕೊಳ್ಳಲು ಅರ್ಜಿ ಹಾಕಬೇಕು ಅಂತ ಕಾಗದಗಳನ್ನು ಜೋಡಿಸಿಟ್ಟಿದ್ದೇನೆ. ಕನ್ನಡ ಪುಸ್ತಕ ಎರಡನೇ ತರಗತಿಯದನ್ನೂ ಪ್ರಿಂಟ್ ಹಾಕಿಸಿಯಾಯಿತು. ಮುಂದಿನ ಊರಿನಲ್ಲಿ ಓದಲು ಬೋರ್ಡುಗಳು ಸಿಗಲ್ಲ ಅಲ್ವಾ?