ಇಳಿಯುವ ಮುನ್ನ ದಡದಲ್ಲಿ ಕಾಲು ಗಂಟೆ: ಕೆರೆ, ಹೊಳೆಯ ಹದ ತಿಳಿಯುವುದು ಹೇಗೆ?

ಹೊಳೆಗೆ ಬಂದವರಲ್ಲಿ ಹೆಚ್ಚಿನವರು ನೀರನ್ನು ಪರೀಕ್ಷಿಸುವ ಬಗೆ ಒಂದೇ. ಪ್ಯಾಂಟ್ ಮಡಚಿ, ಒಂದು ಕಾಲು ಅದ್ದಿ, 'ಪರವಾಗಿಲ್ಲ, ತಣ್ಣಗಿದೆ' ಎನ್ನುತ್ತಾರೆ. ಮರುಕ್ಷಣ ಸೊಂಟದವರೆಗೆ ಇಳಿದಿರುತ್ತಾರೆ. ಆ ಕಾಲಿಗೆ ಗೊತ್ತಾಗಿದ್ದು ದಡದ ಅಂಚಿನ ತಂಪು ಮಾತ್ರ. ನಡುವಿನ ಸೆಳೆತ, ಮೇಲೆಲ್ಲೋ ಸುರಿದ ಮಳೆ, ತಳದ ಗುಂಡಿ ಯಾವುದೂ ಅದಕ್ಕೆ ತಿಳಿಯುವುದಿಲ್ಲ. ಈಜಾಗಲಿ, ಗಾಳವಾಗಲಿ, ದೋಣಿಯಾಗಲಿ, ಮೊದಲ ಕಾಲು ಗಂಟೆ ದಡದಲ್ಲೇ ಕಳೆಯಿರಿ.

ಹಂತ 1: ಹೊರಡುವ ಮೊದಲು

ಮಳೆಯ ಮುನ್ಸೂಚನೆಯನ್ನು ನೀವು ಹೋಗುವ ಜಾಗಕ್ಕಷ್ಟೇ ನೋಡಿದರೆ ಸಾಲದು, ಹೊಳೆ ಹರಿದು ಬರುವ ಮೇಲಿನ ಪ್ರದೇಶಕ್ಕೂ ನೋಡಿ. ಮೊಬೈಲಿನ ಆ್ಯಪ್ ತಾನಾಗಿ ತೋರಿಸುವುದು ನೀವು ನಿಂತಿರುವ ಊರಿನ ಬಿಸಿಲನ್ನು. ಹೊಳೆಗೆ ಅದರಿಂದ ಏನೂ ಆಗಬೇಕಿಲ್ಲ. ಮೇಲೆ ಅಣೆಕಟ್ಟು ಇದ್ದರೆ ನೀರು ಬಿಡುವ ಹೊತ್ತು ವಿಚಾರಿಸಿ. ಹೊರಹರಿವಿನ ಲೆಕ್ಕ ಸಿಕ್ಕರೆ (1 ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್) ಇವತ್ತಿನ ಅಂಕಿಗಿಂತ ನಿನ್ನೆಗೂ ಇವತ್ತಿಗೂ ಇರುವ ವ್ಯತ್ಯಾಸ ಗಮನಿಸಿ.

ಹಂತ 2: ನೀರು ಏರುತ್ತಿದೆಯೋ, ಇಳಿಯುತ್ತಿದೆಯೋ?

ಜನ ಎಡವುವುದು ಇಲ್ಲೇ. 'ಎಷ್ಟು ನೀರಿದೆ' ಎಂದು ಎಲ್ಲರೂ ನೋಡುತ್ತಾರೆ, 'ಯಾವ ಕಡೆಗೆ ಹೊರಟಿದೆ' ಎಂದು ನೋಡುವವರು ಕಡಿಮೆ. ಮೊಣಕಾಲುದ್ದದ ನೀರು ಇಳಿಯುತ್ತಿದ್ದರೆ ಒಂದು ಮಾತು, ಏರುತ್ತಿದ್ದರೆ ಬೇರೆಯೇ ಮಾತು.

ಮೊದಲು ದಡದ ಕಲ್ಲುಗಳನ್ನು ನೋಡಿ. ನೀರಿನ ಮಟ್ಟದಿಂದ ಮೇಲಕ್ಕೆ ಬೆರಳಗಲದ ಒದ್ದೆ ಪಟ್ಟಿ ಇದ್ದರೆ ನೀರು ಇಳಿಯುತ್ತಿದೆ ಎಂದರ್ಥ; ಅಲೆ ಬಡಿಯುವ ಕಡೆ ಮಾತ್ರ ಈ ಗುರುತು ನಂಬಬೇಡಿ. ನೀರು ನೇರವಾಗಿ ಒಣ ಕಲ್ಲಿಗೇ ತಾಗಿದ್ದರೆ, ದಡದ ಹುಲ್ಲು ಬುಡ ಮುಳುಗಿಸಿಕೊಂಡು ಹಸಿರಾಗಿಯೇ ನಿಂತಿದ್ದರೆ, ಏರುತ್ತಿದೆ ಎಂದುಕೊಳ್ಳಿ.

ಅನುಮಾನವೇ ಬೇಡವೆಂದರೆ ಒಂದು ಕೋಲು ಸಾಕು. ಬೆರಳಗಲಕ್ಕೊಂದರಂತೆ ನಾಲ್ಕೈದು ಕಚ್ಚು ಹಾಕಿ, ಬಂಡೆಯ ಮರೆಯಲ್ಲಿ ನೀರು ಅಲುಗದ ಕಡೆ, ಎರಡನೇ ಕಚ್ಚು ನೀರಿನ ಮಟ್ಟಕ್ಕೆ ಬರುವಂತೆ ಗಟ್ಟಿಯಾಗಿ ನೆಡಿ. ಕಲ್ಲಿಟ್ಟು ಗುರುತು ಮಾಡುವವರಿದ್ದಾರೆ. ಹತ್ತು ನಿಮಿಷದಲ್ಲಿ ಯಾವ ಕಲ್ಲು ಇಟ್ಟದ್ದು ಎಂಬುದೇ ಮರೆತುಹೋಗುತ್ತದೆ. ಕಾಲು ಗಂಟೆಯಲ್ಲಿ ಒಂದು ಕಚ್ಚು ಮುಳುಗಿದರೂ ಚರ್ಚೆ ಬೇಡ, ಹೊರಡಿ. ನಡುಗಡ್ಡೆಯಲ್ಲೋ ಬಂಡೆಯ ಮೇಲೋ ಕೂತಿದ್ದರೆ ಅಷ್ಟೂ ಕಾಯಬೇಡಿ. ತಿಳಿನೀರು ಬಗ್ಗಡವಾಗುವುದು, ತರಗೆಲೆ ಕಡ್ಡಿ ಒಮ್ಮೆಲೇ ತೇಲಿಬರುವುದು, ಹೊಳೆಯ ಸದ್ದು ದಪ್ಪವಾಗುವುದು: ಇವುಗಳಲ್ಲಿ ಒಂದು ಕಂಡರೂ ಸಾಮಾನು ಬಿಟ್ಟು ದಡ ಸೇರಿ.

ಹಂತ 3: ಸೆಳೆತ ಅಳೆಯುವುದು

ದಡದಲ್ಲಿ 10 ಮೀಟರ್ ಅಳೆದು ಗುರುತು ಮಾಡಿ, ನಡು ಹೊಳೆಗೆ ಒದ್ದೆ ಕಡ್ಡಿ ಎಸೆದು ಸೆಕೆಂಡ್ ಎಣಿಸಿ. ಒಣ ಎಲೆ ಬೇಡ, ಅದನ್ನು ಗಾಳಿ ಓಡಿಸುತ್ತದೆ. 10 ಸೆಕೆಂಡಿನಲ್ಲಿ ದಾಟಿದರೆ ವೇಗ ಸೆಕೆಂಡಿಗೆ 1 ಮೀಟರ್. ನೋಡಲು ಸಾಧಾರಣ ನಡಿಗೆಯ ವೇಗ, ಆದರೆ ಅಷ್ಟಕ್ಕೇ ಮೊಣಕಾಲಿಗಿಂತ ಆಳಕ್ಕೆ ಹೋಗಬಾರದು ಎಂಬುದು ನನ್ನ ಖಡಾಖಂಡಿತ ಮಾತು. ವೇಗ ಎರಡು ಪಟ್ಟಾದರೆ ನೀರಿನ ತಳ್ಳು ನಾಲ್ಕು ಪಟ್ಟಾಗುತ್ತದೆ, ನಮ್ಮ ಕಾಲಿನ ಬಲ ಹಾಗೆ ಹೆಚ್ಚುವುದಿಲ್ಲ.

ತಿರುವಿನಲ್ಲಿ ಹೊರ ದಡದ ಕಡೆ ಆಳವೂ ಹೆಚ್ಚು, ಸೆಳವೂ ಹೆಚ್ಚು. ಅಡ್ಡಬಿದ್ದ ಮರದ ಹತ್ತಿರ ಸುಳಿಯಬೇಡಿ. ನೀರು ಕೊಂಬೆಗಳ ನಡುವೆ ನುಸುಳಿಹೋಗುತ್ತದೆ, ಮನುಷ್ಯ ಸಿಕ್ಕಿಕೊಳ್ಳುತ್ತಾನೆ. ಆಳೆತ್ತರವೂ ಇಲ್ಲದ ಒಡ್ಡಿನ ಕೆಳಗೆ ಆಡುವವರನ್ನು ಕಂಡರೆ ನನಗೆ ಎದೆ ನಡುಗುತ್ತದೆ. ಅಲ್ಲಿ ಧುಮುಕಿದ ನೀರು ಮೇಲೆದ್ದು ಹಿಂದಕ್ಕೆ, ಒಡ್ಡಿನ ಕಡೆಗೇ ಮರಳುತ್ತದೆ. ಒಳ್ಳೆಯ ಈಜುಗಾರನನ್ನೂ ಅದು ಹೊರಗೆ ಬಿಡುವುದಿಲ್ಲ. ಸೆಳೆತಕ್ಕೆ ಸಿಕ್ಕರೆ ಎದ್ದು ನಿಲ್ಲಲು ಹೋಗಬೇಡಿ, ಪಾದ ಕಲ್ಲಿನ ಸಂದಿಗೆ ಸಿಕ್ಕೀತು. ಅಂಗಾತ ಮಲಗಿ, ಕಾಲು ಹರಿವಿನ ದಿಕ್ಕಿಗೆ ಚಾಚಿ, ಓರೆಯಾಗಿ ದಡದ ಕಡೆ ಈಜಿ.

ಹಂತ 4: ಆಳ

ಕಣ್ಣನ್ನು ನಂಬಬೇಡಿ. ತಿಳಿನೀರಿನಲ್ಲಿ 4 ಅಡಿ ಆಳ ಮೇಲಿನಿಂದ ನೋಡಿದರೆ 3 ಅಡಿಯಂತೆ ಕಾಣುತ್ತದೆ, ಬೆಳಕು ಬಾಗುವುದರಿಂದ. ಉದ್ದನೆಯ ಕೋಲು ಹಿಡಿದು ತಡವಿಕೊಂಡೇ ಹೋಗಿ. ಮರಳು ತೆಗೆದ ಕಡೆ ಒಂದು ಹೆಜ್ಜೆಗೆ ಮೊಣಕಾಲು, ಮುಂದಿನದಕ್ಕೆ ತಲೆ ಮುಳುಗುತ್ತದೆ. ತಳ ಕಾಣಲು ಪೋಲರೈಸ್ಡ್ ಕನ್ನಡಕ, ಅಂದರೆ ನೀರಿನ ಮೇಲಿನ ಪ್ರತಿಫಲನದ ಹೊಳಪನ್ನು ತಡೆಯುವ ಗಾಜಿನದು, ನೆರವಾಗುತ್ತದೆ. ಬರೀ ಕಪ್ಪು ಗಾಜಿನದು ದುಡ್ಡು ದಂಡ. ತಲೆ ಕೆಳಗಾಗಿ ಧುಮುಕುವುದು ಬೇಡವೇ ಬೇಡ.

ಹಂತ 5: ಕೆರೆಯಾದರೆ ಬಣ್ಣ ನೋಡಿ

ಜೋರು ಮಳೆಯಾದ ಮೇಲೆ ಎರಡು ಮೂರು ದಿನ ಈಜಬೇಡಿ, ಸುತ್ತಲಿನ ಕೊಳಚೆಯೆಲ್ಲ ಬಂದು ಸೇರಿರುತ್ತದೆ. ಮೈಮೇಲೆ ಗಾಯವಿದ್ದರೆ ಇನ್ನೂ ಎಚ್ಚರ ಬೇಕು. ಹಸಿರು ಕಂಡರೆ ಕೋಲಿನಿಂದ ಎತ್ತಿ ನೋಡಿ. ಕೂದಲಿನಂತೆ ಎಳೆಎಳೆಯಾಗಿ ಜೋತುಬಿದ್ದರೆ ಸಾಮಾನ್ಯ ಪಾಚಿ. ಕೋಲಿಗೆ ಬಣ್ಣ ಬಳಿದಂತೆ ಮೆತ್ತಿಕೊಂಡರೆ ಅದು ನೀಲಿ-ಹಸಿರು ಪಾಚಿ, ಅಂದರೆ ಸಯನೋಬ್ಯಾಕ್ಟೀರಿಯಾ ಇರಬಹುದು. ಅದರಲ್ಲಿ ವಿಷವಿದೆಯೋ ಇಲ್ಲವೋ ಕಣ್ಣಿಗೆ ತಿಳಿಯದು, ಕುದಿಸಿದರೂ ಹೋಗದು. ಮಕ್ಕಳನ್ನೂ ನಾಯಿಯನ್ನೂ ದೂರವಿಡಿ. ಪಿಎಚ್ ಪಟ್ಟಿ (ನೀರು ಆಮ್ಲವೋ ಕ್ಷಾರವೋ ತೋರಿಸುವ ಕಾಗದ) ಅದ್ದಿ 'ನೀರು ಶುದ್ಧ' ಎನ್ನುವವರ ಮಾತಿಗೆ ಬೆಲೆ ಕೊಡಬೇಡಿ. ರೋಗಾಣುವನ್ನಾಗಲಿ ಈ ವಿಷವನ್ನಾಗಲಿ ಆ ಪಟ್ಟಿ ತೋರಿಸುವುದಿಲ್ಲ.

ಗಾಳ ಹಾಕುವವರಿಗೆ ಒಂದು ಸುಳಿವು: ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅದು ಹಸಿವಲ್ಲ, ನೀರಿನಲ್ಲಿ ಆಮ್ಲಜನಕ ಸಾಲದಾಗಿದೆ. ರಾತ್ರಿಯಿಡೀ ಪಾಚಿ, ಜೊಂಡು ಉಸಿರಾಡಿ ಅದನ್ನು ತೀರಿಸಿರುತ್ತವೆ. ನೀರು ಬೆಚ್ಚಗಾದಷ್ಟೂ ಆಮ್ಲಜನಕ ಹಿಡಿದಿಟ್ಟುಕೊಳ್ಳುವ ಶಕ್ತಿ ತಗ್ಗುತ್ತದೆ: 10 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 11 ಮಿಲಿಗ್ರಾಂ, 30ರಲ್ಲಿ ಏಳೂವರೆ. ಅಂಥ ದಿನ ಗಾಳ ಸುತ್ತಿಡಿ.

ಹಂತ 6: ಗಾಳಿ ಮತ್ತು ದೋಣಿ

ಗಾಳಿ ನಿಮ್ಮ ಬೆನ್ನ ಹಿಂದಿನಿಂದ ನೀರಿನ ಕಡೆ ಬೀಸುತ್ತಿದ್ದರೆ ಎದುರಿನ ಕೆರೆ ಅಲೆಯಿಲ್ಲದೆ ಕಾಣುತ್ತದೆ. ಮೋಸ ಹೋಗಬೇಡಿ, ಅಲೆ ಬೆಳೆಯುವುದು ಆಚೆ ದಡದಲ್ಲಿ. ಮೊದಲು ಗಾಳಿಗೆ ಎದುರಾಗಿ ಹುಟ್ಟು ಹಾಕಿ, ದಣಿದ ಮೇಲೆ ಗಾಳಿಯೇ ಮನೆಗೆ ತಳ್ಳಲಿ. ಅಲ್ಲಲ್ಲಿ ಬಿಳಿ ನೊರೆ ತಲೆಯೆತ್ತಿದರೆ ಗಾಳಿ ಗಂಟೆಗೆ 12ರಿಂದ 19 ಕಿಲೋಮೀಟರ್ ಮುಟ್ಟಿದೆ, ಸಣ್ಣ ದೋಣಿಯವರು ತಿರುಗಬೇಕು. ಗುಡುಗು ಕೇಳಿಸಿದರೆ ದಡಕ್ಕೆ ಬನ್ನಿ, ಕೊನೆಯ ಗುಡುಗಿನ ಮೇಲೆ 30 ನಿಮಿಷ ಕಾಯಿರಿ.

ಗಾಳಿ ತುಂಬಿದ ಆಟಿಕೆ ಟ್ಯೂಬು ಜೀವರಕ್ಷಕವಲ್ಲ. ಲೈಫ್ ಜಾಕೆಟ್ ಹಾಕಿ, ಬಕಲ್ ಬಿಗಿದು, ಭುಜದ ಬಳಿ ಯಾರಿಂದಾದರೂ ಮೇಲಕ್ಕೆತ್ತಿಸಿ ನೋಡಿ. ಗಲ್ಲಕ್ಕೆ ಬಂದು ತಾಗಿದರೆ ಅಳತೆ ದೊಡ್ಡದಾಯಿತು, ಬೇರೆಯದು ಕೇಳಿ.