ಒಬ್ಬಳಿಗೆ ಇಬ್ಬರ ದುಡ್ಡು ಯಾಕೆ?

ಕ್ರೂಸ್ ಜಾಹೀರಾತಿನ ದರ ನೋಡಿ ಖುಷಿಯಾಗಿದ್ದೆ. ಪ್ರಯಾಣಿಕರು ‘1’ ಅಂತ ಒತ್ತಿದೆ, ದರ ಹೆಚ್ಚುಕಡಿಮೆ ಎರಡರಷ್ಟಾಯಿತು! ಒಂದು ಕೋಣೆಗೆ ಇಬ್ಬರು ಅಂತ ಲೆಕ್ಕ ಹಾಕಿ ತಲೆಗೆ ಇಷ್ಟು ಅಂತ ತೋರಿಸುತ್ತಾರೆ. ಖಾಲಿ ಹಾಸಿಗೆಯ ಬಾಡಿಗೆಯೂ ನಮ್ಮದೇ.

ಒಬ್ಬರಿಗೆಂದೇ ಮಾಡಿದ ಕೋಣೆ ಹುಡುಕಿದೆ. ನಾರ್ವೇಜಿಯನ್ ಕ್ರೂಸ್ ಲೈನ್ 2010ರಲ್ಲಿ ತನ್ನ ‘ಎಪಿಕ್’ ಹಡಗಿನಲ್ಲಿ ಇಂಥ ಸ್ಟುಡಿಯೋಗಳನ್ನು ತಂದಿತ್ತು. ಸುಮಾರು 100 ಚದರ ಅಡಿ, ಕಿಟಕಿ ಇದೆ, ಆದರೆ ಕಾರಿಡಾರಿನ ಕಡೆಗೆ! ಇವು ಬೇಗ ಮುಗಿದುಹೋಗುತ್ತವೆ. ಕೆಲವು ಸಲ ಮಾಮೂಲಿ ಒಳಕೋಣೆಗೆ ಡಬಲ್ ಕೊಟ್ಟರೂ ಸ್ಟುಡಿಯೋಗಿಂತ ಅಗ್ಗ. ವಿಚಿತ್ರ ಅಲ್ವಾ?

ಕೊನೆಗೆ ಕೈ ಹಿಡಿದದ್ದು ರಿಪೊಸಿಷನಿಂಗ್ ಪ್ರಯಾಣ. ಯುರೋಪಿನಲ್ಲಿ ಬೇಸಿಗೆ ಮುಗಿದ ಮೇಲೆ ಅಕ್ಟೋಬರ್, ನವೆಂಬರಿನಲ್ಲಿ ಹಡಗುಗಳು ಕೆರಿಬಿಯನ್ ಕಡೆ ಹೊರಡುತ್ತವೆ. ಸುಮ್ನೆ ಖಾಲಿ ಹೋಗುವ ಬದಲು ಅಗ್ಗವಾಗಿ ಟಿಕೆಟ್ ಮಾರುತ್ತಾರೆ. ಬಾರ್ಸಿಲೋನಾದಿಂದ ಮಯಾಮಿಗೆ ಎರಡು ವಾರದ ಹತ್ತಿರ. ಅದರಲ್ಲಿ ಸುಮಾರು ಒಂದು ವಾರ ಬರೀ ನೀರೇ ಕಾಣುತ್ತದೆ, ನನಗೆ ಅದೇ ಬೇಕಿತ್ತು. ದಿನದ ಲೆಕ್ಕದಲ್ಲಿ ನೋಡಿದರೆ, ಡಬಲ್ ಕೊಟ್ಟರೂ ಜಾಸ್ತಿ ಅನ್ನಿಸಲಿಲ್ಲ. ಬಂದರು ತೆರಿಗೆ, ಟಿಪ್ಸ್ ಮಾತ್ರ ಒಬ್ಬರದ್ದೇ.

ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ), ಅಮೆರಿಕ ಎರಡೂ ವೀಸಾ ಬೇಕು. ವಾಪಸ್ ಬರುವ ವಿಮಾನದ ಖರ್ಚನ್ನೂ ಮೊದಲೇ ಸೇರಿಸಿಕೊಳ್ಳಿ. ನಾನು ಅದನ್ನು ಕೊನೆಗೆ ನೋಡಿ ಸ್ವಲ್ಪ ಬೆವರಿದೆ.