ಕಲಬುರಗಿಯಲ್ಲೇ ಕೂತು ಸಬ್‌ಮರೀನ್ ಬೆನ್ನು ಹತ್ತುವುದು ಹೇಗೆ?

ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಸಬ್‌ಮರೀನ್ ಅಂದರೆ ನಮ್ಮ ಕಲಬುರಗಿಯಲ್ಲಿ ಯಾರಾದರೂ ನಗುತ್ತಾರೆ. ನಗಲಿ. ಸಮುದ್ರ ಬೇಕಿಲ್ಲ, ಲ್ಯಾಪ್‌ಟಾಪ್ ಸಾಕು. ಅದರಲ್ಲೇ ಕೋಡ್ ಬರೆದು ನಕಲಿ ಸಬ್‌ಮರೀನ್ ಓಡಿಸುವುದು, ಅದು ಎಲ್ಲಿದೆ ಅಂತ ಪತ್ತೆ ಹಚ್ಚುವ ವಿಧಾನಗಳನ್ನು ಹೋಲಿಸುವುದು, ಇಷ್ಟೇ ಕೆಲಸ. ಕೋಡ್ ಬರೆಯಲು ಪೈಥಾನ್ ಆಗಲಿ ಆಕ್ಟೇವ್ ಆಗಲಿ, ಎರಡೂ ಪುಕ್ಕಟೆ.

ಮೊದಲು ತೊಡಕು ಏನು ಅಂತ ನೋಡಿ. ಸೋನಾರ್ ಅಂದರೆ ನೀರೊಳಗಿನ ವಸ್ತುವನ್ನು ಸದ್ದಿನಿಂದ ಪತ್ತೆ ಹಚ್ಚುವ ಸಾಧನ. ತಾನು ಸದ್ದು ಮಾಡದೆ ಬರೀ ಕೇಳಿಸಿಕೊಳ್ಳುವ ಸೋನಾರ್‌ಗೆ ಸದ್ದು ಬಂದ ದಿಕ್ಕು ಸಿಗುತ್ತದೆ, ದೂರ ಸಿಗುವುದಿಲ್ಲ. ಜಗತ್ ಸರ್ಕಲ್‌ನಲ್ಲಿ ಕಣ್ಣು ಮುಚ್ಚಿ ನಿಂತು ಸೈಲೆನ್ಸರ್ ಕಿತ್ತ ಬೈಕ್ ಸದ್ದು ಕೇಳಿದ ಹಾಗೆ. ಅದಕ್ಕೇ ಎರಡು ಸೆನ್ಸರ್ ಇಡಿ, ನಡುವೆ 6 ಕಿ.ಮೀ. ಅಂತರ ಇರಲಿ.

ಈಗ ಸಬ್‌ಮರೀನ್ ಓಡಿಸಿ. ಸೆಕೆಂಡಿಗೆ 4 ಮೀಟರ್ ವೇಗ, 15 ನಿಮಿಷ ನೇರ, ಆಮೇಲೆ ಒಂದು ತಿರುವು, ಮತ್ತೆ 15 ನಿಮಿಷ. ದಾರಿ ಎಲ್ಲಾದರೂ ಒಂದು ಕಡೆ ಎರಡು ಸೆನ್ಸರ್ ಸೇರಿಸುವ ಗೆರೆಯನ್ನು ದಾಟಲೇಬೇಕು, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

10 ಸೆಕೆಂಡಿಗೊಮ್ಮೆ ದಿಕ್ಕಿನ ಕೋನ ಲೆಕ್ಕ ಹಾಕಿ, ಅದಕ್ಕೆ 1 ಡಿಗ್ರಿಯಷ್ಟು ನಾಯ್ಸ್ ಸೇರಿಸಿ. ಇಲ್ಲಿ ನಾಯ್ಸ್ ಅಂದರೆ ಗದ್ದಲ ಅಲ್ಲ, ಅಳತೆಯಲ್ಲಿ ಹೇಗೆಂದರೆ ಹಾಗೆ ನುಸುಳುವ ತಪ್ಪು. ಕಡಿಮೆ ಅನಿಸಿತಾ? 10 ಕಿ.ಮೀ. ದೂರದಲ್ಲಿ ಅದು ಸುಮಾರು 175 ಮೀಟರ್ ತಪ್ಪು. ನೀರಿನಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್, ಹಾಗಾಗಿ ಸದ್ದು ತಲುಪುವ ಹೊತ್ತಿಗೆ ಸಬ್‌ಮರೀನ್ ಸ್ವಲ್ಪ ಮುಂದೆ ಹೋಗಿರುತ್ತದೆ. ಶುರುವಿನಲ್ಲಿ ಅದನ್ನು ಬಿಟ್ಟರೂ ನಡೆಯುತ್ತದೆ.

ಸಬ್‌ಮರೀನ್ ಎಲ್ಲಿದೆ ಅಂತ ಹಿಡಿಯಲು ಮೂರು ವಿಧಾನ ಸಾಕು. ಒಂದು, ಎರಡು ದಿಕ್ಕಿನ ಗೆರೆ ಕೂಡುವ ಜಾಗವನ್ನೇ ಹಿಡಿಯುವುದು. ಎರಡು, ಎಕ್ಸ್‌ಟೆಂಡೆಡ್ ಕಾಲ್ಮನ್ ಫಿಲ್ಟರ್. ಹಿಂದಿನ ಜಾಗ, ವೇಗದಿಂದ ಮುಂದಿನ ಜಾಗ ಊಹಿಸಿ, ಕೇಳಿದ ದಿಕ್ಕು ನೋಡಿ ಆ ಊಹೆಯನ್ನು ತಿದ್ದಿಕೊಳ್ಳುತ್ತದೆ. ಇದರ ಮೂಲ ರುಡಾಲ್ಫ್ ಕಾಲ್ಮನ್ 1960ರಲ್ಲಿ ಬರೆದ ಲೇಖನ. ಮೂರು, 1993ರಲ್ಲಿ ಗಾರ್ಡನ್, ಸಾಲ್ಮಂಡ್, ಸ್ಮಿತ್ ಕೊಟ್ಟ ಪಾರ್ಟಿಕಲ್ ಫಿಲ್ಟರ್. ಸಬ್‌ಮರೀನ್ ಇಲ್ಲಿರಬಹುದು, ಅಲ್ಲಿರಬಹುದು ಅಂತ ಸಾವಿರಾರು ಚುಕ್ಕೆ ಚೆಲ್ಲಿ, ಕೇಳಿದ ದಿಕ್ಕಿಗೆ ಹೊಂದುವ ಚುಕ್ಕೆಗಳಿಗೆ ಜಾಸ್ತಿ ತೂಕ ಕೊಡುತ್ತದೆ.

ಕೋಡ್‌ನಲ್ಲಿ ಒಂದು ಕಡೆ ಎಚ್ಚರ. 359 ಡಿಗ್ರಿಗೂ 1 ಡಿಗ್ರಿಗೂ ವ್ಯತ್ಯಾಸ 2, 358 ಅಲ್ಲ. ಕಳೆದು ಬಂದ ಉತ್ತರವನ್ನು ಮೈನಸ್ 180ರಿಂದ 180ರೊಳಗೆ ತರದಿದ್ದರೆ ಫಿಲ್ಟರ್ ಎಲ್ಲಿಗೋ ಹಾರಿಬಿಡುತ್ತದೆ, ನೀವು ಫಿಲ್ಟರನ್ನೇ ಬೈಯುತ್ತಾ ಕೂರುತ್ತೀರಿ.

ಹೋಲಿಕೆ ಮಾತ್ರ ನ್ಯಾಯವಾಗಿರಲಿ. 100 ಸಲ ಓಡಿಸಿ, ಪ್ರತಿ ಸಲವೂ ನಾಯ್ಸ್ ಹೊಸದು, ಆದರೆ ಆ ಸಲದ ಮಟ್ಟಿಗೆ ಮೂರಕ್ಕೂ ಒಂದೇ ನಾಯ್ಸ್ ಕೊಡಿ. ಸರಾಸರಿ ತಪ್ಪು ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. 500 ಮೀಟರ್‌ಗಿಂತ ದೂರ ತಪ್ಪಿ ಮತ್ತೆ ಸಿಗದೇ ಹೋದದ್ದು ಎಷ್ಟು ಸಲ, ಲೆಕ್ಕಕ್ಕೆ ಹಿಡಿದ ಸಮಯ ಎಷ್ಟು, ಇವನ್ನೂ ಬರೆದಿಡಿ. ಗೆರೆ ದಾಟುವ ಹೊತ್ತಿನ ಗ್ರಾಫನ್ನು ಬೇರೆಯಾಗಿ ತೆಗೆಯಿರಿ: ಅಲ್ಲಿ ಎರಡೂ ದಿಕ್ಕು ಒಂದೇ ಗೆರೆಗೆ ಬರುವುದರಿಂದ ಮೊದಲ ವಿಧಾನ ಮುಗ್ಗರಿಸುತ್ತದೆ, ಹಿಂದಿನ ವೇಗ ನೆನಪಿಟ್ಟುಕೊಳ್ಳುವ ಫಿಲ್ಟರ್‌ಗಳು ಸಾಮಾನ್ಯವಾಗಿ ತಡೆದುಕೊಳ್ಳುತ್ತವೆ.